ಮಾಲೀಕರು ಬದಲಾದರು, ಓಟಿ ಕಡ್ಡಾಯವಾಯಿತು: ಈಗ ಏನು ಮಾಡೋದು?

ಪ್ರಶ್ನೆ: ಸರ್, ನಮಸ್ಕಾರ. ನಾನು ಗಿಣಿಗೇರಾ ಕಡೆಯ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. ಪರ್ಮನೆಂಟ್ ಕೆಲಸ. ಹೋದ ವರ್ಷ ಹಳೆ ಮಾಲೀಕರು ಕಾರ್ಖಾನೆಯನ್ನು ಹೊರಗಿನವರಿಗೆ ಮಾರಿದರು. ಮೊದಲು ಓಟಿ (ಓವರ್‌ಟೈಮ್) ಅಂದರೆ ಊಟದ ಹೊತ್ತಿಗೆ ಸೂಪರ್‌ವೈಸರ್ ಬಂದು ‘ಇವತ್ತು ಲೋಡಿಂಗ್ ಜಾಸ್ತಿ ಇದೆ, ಯಾರು ನಿಲ್ತೀರಿ’ ಅಂತ ಕೇಳುತ್ತಿದ್ದರು. ದುಡ್ಡಿನ ಅಡಚಣೆ ಇದ್ದವರು ನಿಲ್ಲುತ್ತಿದ್ದರು. ನನಗೆ ಎರಡು ಎಕರೆ ಗದ್ದೆ ಇದೆ, ಕಾಲುವೆ ನೀರಿನ ಪಾಳಿ ಬಂದ ದಿನ ನಾನು ಹೋಗುತ್ತಿದ್ದೆ, ನನ್ನ ಬದಲು ಇನ್ನೊಬ್ಬರು ನಿಲ್ಲುತ್ತಿದ್ದರು. ಯಾರಿಗೂ ತಕರಾರು ಇರಲಿಲ್ಲ.

ಈಗ ವಾರಕ್ಕೆ ನಾಲ್ಕು ದಿನ ಎರಡೆರಡು ಗಂಟೆ ಓಟಿ ಕಡ್ಡಾಯ. ಶಿಫ್ಟ್ ಮುಗಿಯೋದು ಐದಕ್ಕೆ, ಪಟ್ಟಿ ವಾಟ್ಸಾಪ್ ಗ್ರೂಪಿಗೆ ಬರೋದು ನಾಲ್ಕೂವರೆಗೆ. ಹೆಸರಿದ್ದವರು ಮನೆಗೆ ಹೋದರೆ ಅರ್ಧ ದಿನದ ಪಗಾರ ಕಟ್. ಒಂದು ಗಂಟೆ ತುಂಬದಿದ್ದರೆ ಓಟಿ ಲೆಕ್ಕಕ್ಕಿಲ್ಲ, ಮುಕ್ಕಾಲು ಗಂಟೆ ನಿಂತರೂ ಸೊನ್ನೆ. ಇನ್ನೊಬ್ಬರ ಜೊತೆ ಅದಲುಬದಲು ಮಾಡಿಕೊಳ್ಳೋ ಹಾಗಿಲ್ಲ. ದುಡ್ಡು ಮಾಮೂಲಿ ರೇಟಿನಲ್ಲಿ ಕೊಡುತ್ತಾರೆ, ಕೆಲವು ತಿಂಗಳು ‘ಕಾಂಪ್ ಆಫ್ (ಬದಲಿ ರಜೆ) ತಗೊಳ್ಳಿ’ ಅಂತ ಅದನ್ನೂ ಕೊಡೋದಿಲ್ಲ. ಕಂಪನಿ ಬಸ್ಸು ಈಗ ಏಳಕ್ಕೇ ಹೊರಡೋದು. ನಮ್ಮವ್ವನಿಗೆ ಸಕ್ಕರೆ ಕಾಯಿಲೆ, ಸಂಜೆ ಇನ್ಸುಲಿನ್ ನಾನೇ ಕೊಡಬೇಕು. ಕೇಳಿದರೆ ಎಚ್‌ಆರ್‌ನವರು ‘ಈಗ ಹನ್ನೆರಡು ಗಂಟೆ ದುಡಿಸಬಹುದು ಅಂತ ಕಾನೂನೇ ಬಂದಿದೆ’ ಅನ್ನುತ್ತಾರೆ. ಜೊತೆಗೆ ಹೊಸ ಅಪಾಯಿಂಟ್‌ಮೆಂಟ್ ಲೆಟರ್‌ಗೆ ಸಹಿ ಮಾಡಿ ಅಂತ ಒತ್ತಾಯ. ಅದರಲ್ಲಿ ಸೇರಿದ ದಿನಾಂಕ ಈ ವರ್ಷದ್ದು ಹಾಕಿದ್ದಾರೆ. ನಮ್ಮ ಹುಡುಗರು ಎಲ್ಲರೂ ಒಂದೇ ದಿನ ರಜೆ ಹಾಕಿ ಬಿಸಿ ಮುಟ್ಟಿಸೋಣ ಅನ್ನುತ್ತಿದ್ದಾರೆ. ಮಗಳು ಪಿಯುಸಿ ಓದುತ್ತಿದ್ದಾಳೆ, ಕೆಲಸ ಬಿಡೋ ಸ್ಥಿತಿ ಇಲ್ಲ. ದಾರಿ ಹೇಳಿ ಸರ್.
(ಹೆಸರು ಬೇಡ, ಕೊಪ್ಪಳ ತಾಲ್ಲೂಕು)

ಉತ್ತರ: ತಮ್ಮಾ, ಓಟಿ ವಿಷಯ ಆಮೇಲೆ ನೋಡೋಣ. ಮೊದಲು ಆ ಲೆಟರ್. ಸಹಿ ಮಾಡಬೇಡಿ. ಮಾಡಲೇಬೇಕು ಅಂತ ಕೂರಿಸಿದರೆ ‘ಮನೆಯಲ್ಲಿ ಓದಿ ಕೊಡುತ್ತೇನೆ, ಒಂದು ಪ್ರತಿ ಕೊಡಿ’ ಅಂತ ಕೇಳಿ. ಪ್ರತಿ ಕೊಡದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ನಿಮ್ಮ ಪತ್ರದಲ್ಲಿ ಓಟಿ ಬಗ್ಗೆ ಇಷ್ಟು ಬರೆದು ಈ ಲೆಟರ್ ಬಗ್ಗೆ ಎರಡೇ ಸಾಲು ಬರೆದಿದ್ದೀರಿ, ಆದರೆ ನಿಮಗೆ ಜಾಸ್ತಿ ನಷ್ಟ ಮಾಡುವುದು ಆ ಎರಡು ಸಾಲಿನ ವಿಷಯವೇ.

ಲೆಕ್ಕ ನೋಡಿ. ನಿಮ್ಮ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 15,600 ರೂಪಾಯಿ ಅಂದುಕೊಳ್ಳೋಣ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ದುಡ್ಡು, ವರ್ಷಕ್ಕೆ 15 ದಿನದ ಪಗಾರ, ತಿಂಗಳನ್ನು 26 ದಿನ ಅಂತ ಹಿಡಿಯುತ್ತಾರೆ. ವರ್ಷಕ್ಕೆ 9,000. ಹನ್ನೊಂದು ವರ್ಷಕ್ಕೆ 99,000 ರೂಪಾಯಿ. ಈ ವರ್ಷ ಸೇರಿದವರು ಅಂತ ನೀವೇ ಸಹಿ ಹಾಕಿ ಒಪ್ಪಿದರೆ, ಮುಂದೆ ಆ ಹನ್ನೊಂದು ವರ್ಷ ಎಲ್ಲಿ ಹೋಯಿತು ಅಂತ ಕೇಳುವಾಗ ನಿಮ್ಮ ಸಹಿಯನ್ನೇ ನಿಮ್ಮ ಮುಂದೆ ಹಿಡಿಯುತ್ತಾರೆ. ಕಾನೂನಿನಲ್ಲಿ ಹೋರಾಡಲು ಆಗಲೂ ಜಾಗ ಇರುತ್ತದೆ. ಆದರೆ ಸುಮ್ನೆ ಯಾಕೆ ಕೈಯಾರೆ ಕಷ್ಟ ತಂದುಕೊಳ್ಳಬೇಕು, ಅಲ್ವಾ?

ಮಾಲೀಕರು ಬದಲಾಗುವುದರಲ್ಲಿ ಎರಡು ಬಗೆ ಇದೆ. ಒಂದು, ಕಂಪನಿಯ ಷೇರುಗಳು ಮಾತ್ರ ಬೇರೆಯವರ ಕೈಗೆ ಹೋಗಿರುತ್ತವೆ, ಕಂಪನಿಯ ಹೆಸರು ಹಳೆಯದೇ. ಆಗ ಕಾನೂನಿನ ಕಣ್ಣಲ್ಲಿ ನಿಮಗೆ ಕೆಲಸ ಕೊಟ್ಟವರು ಬದಲಾಗಿಯೇ ಇಲ್ಲ, ಹೊಸ ಅಪಾಯಿಂಟ್‌ಮೆಂಟ್ ಎಂಬ ಮಾತೇ ಏಳುವುದಿಲ್ಲ. ಇನ್ನೊಂದು, ಕಾರ್ಖಾನೆಯನ್ನೇ ಇನ್ನೊಂದು ಕಂಪನಿಗೆ ವರ್ಗಾಯಿಸಿರುತ್ತಾರೆ. ಆಗ 1947ರ ಕೈಗಾರಿಕಾ ವಿವಾದ ಕಾಯ್ದೆಯ 25 ಎಫ್‌ಎಫ್ ಕಲಮು ಹೇಳಿದ್ದು ಇಷ್ಟು: ಕನಿಷ್ಠ ಒಂದು ವರ್ಷ ದುಡಿದವರಿಗೆ ಕೆಲಸ ಹೋದವರಿಗೆ ಕೊಡುವಂಥ ಪರಿಹಾರ ಕೊಡಬೇಕು, ಕೊಡದೆ ಮುಂದುವರಿಸಬೇಕು ಎಂದಿದ್ದರೆ ಸೇವೆ ಎಲ್ಲೂ ಮುರಿಯಬಾರದು, ಷರತ್ತುಗಳು ಮೊದಲಿಗಿಂತ ಕೀಳಾಗಬಾರದು, ಹಳೆ ವರ್ಷಗಳ ಹೊಣೆಯನ್ನು ಹೊಸಬರು ಹೊರಬೇಕು. ಹಳೆ ಕಾಯ್ದೆಗಳ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಈ ರಕ್ಷಣೆ ಉಳಿದಿದೆ. ನಿಮಗೆ ಪರಿಹಾರ ಕೊಟ್ಟಿಲ್ಲ, ಕೆಲಸದಿಂದ ತೆಗೆದೂ ಇಲ್ಲ. ಹಾಗಾದರೆ ಸೇವೆ ಮುಂದುವರಿದಿದೆ ಎಂದೇ ಅರ್ಥ.

ನಿಮ್ಮದು ಯಾವ ಬಗೆ ಅಂತ ಪತ್ತೆ ಮಾಡೋದು ಕಷ್ಟವಲ್ಲ. ಹಳೆಯ ಪೇ ಸ್ಲಿಪ್ಪು, ಹೊಸ ಪೇ ಸ್ಲಿಪ್ಪು ಪಕ್ಕಪಕ್ಕ ಇಟ್ಟು ಕಂಪನಿ ಹೆಸರು ನೋಡಿ. ಪಿಎಫ್ ಪಾಸ್‌ಬುಕ್ ತೆರೆದು ಮೆಂಬರ್ ಐಡಿ ಹೊಸದಾಗಿದೆಯಾ ನೋಡಿ. ಹಳೆ ಮಾಲೀಕರು ಪಿಎಫ್ ಬಾಕಿ ಇಟ್ಟಿದ್ದರೆ ಅದೂ ಅಲ್ಲೇ ಕಾಣುತ್ತದೆ. ಆ ಬಾಕಿಗೆ ಸಾಮಾನ್ಯವಾಗಿ ಮಾರಿದವರು, ಕೊಂಡವರು ಇಬ್ಬರೂ ಹೊಣೆ. ಹಾಗಾಗಿ ‘ಅದು ಹಳಬರನ್ನು ಕೇಳಿ’ ಅನ್ನುವ ಮಾತನ್ನು ಒಪ್ಪಿಕೊಳ್ಳಬೇಡಿ.

ಈಗ ಓಟಿಗೆ ಬರೋಣ. ಹನ್ನೆರಡು ಗಂಟೆಯ ಮಾತು ಅರ್ಧ ಸತ್ಯ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನದ ಕೆಲಸವನ್ನು 12 ಗಂಟೆವರೆಗೆ ಹಿಗ್ಗಿಸಲು ಅವಕಾಶ ಕೊಟ್ಟಿದ್ದು ನಿಜ. ಆದರೆ ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಮುಟ್ಟಲಿಲ್ಲ. ಅಂದರೆ ದಿನಕ್ಕೆ ಹನ್ನೆರಡು ಗಂಟೆ ದುಡಿಸಿದರೆ ವಾರ ನಾಲ್ಕೇ ದಿನಕ್ಕೆ ಮುಗಿಯಬೇಕು. ಆರು ದಿನವೂ ಕರೆದು, ಅದರ ಮೇಲೆ ನಾಲ್ಕು ದಿನ ಎರಡೆರಡು ಗಂಟೆ ನಿಲ್ಲಿಸಿದರೆ ನಿಮ್ಮ ವಾರ 56 ಗಂಟೆ ಆಯಿತು. ಆ ಎಂಟು ಗಂಟೆ ಪೂರ್ತಿ ಓಟಿ. ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದ ಹೊಸ ಔದ್ಯೋಗಿಕ ಸುರಕ್ಷತೆ ಸಂಹಿತೆಯಲ್ಲಿ ದಿನದ ಕೆಲಸ ಎಂಟು ಗಂಟೆ. ಅದರ 27ನೇ ಕಲಮಿನಲ್ಲಿ ಕೆಲಸಗಾರ ಒಪ್ಪಿದರೆ ಮಾತ್ರ ಓಟಿ ಮಾಡಿಸಬೇಕು ಅಂತ ಬರೆದಿದೆ. ಒಪ್ಪಿಗೆ. ಎಚ್‌ಆರ್‌ನವರು ಹನ್ನೆರಡರ ಅಂಕಿಯನ್ನು ಮಾತ್ರ ಹೇಳಿ ಈ ಮಾತನ್ನು ಬಿಟ್ಟಿದ್ದಾರೆ. ಹೊಸ ಲೆಟರ್‌ನಲ್ಲಿ ‘ಕಂಪನಿ ಕೇಳಿದಾಗೆಲ್ಲ ಓಟಿಗೆ ಒಪ್ಪಿದ್ದೇನೆ’ ಎಂಬ ಸಾಲು ಇದೆಯಾ ಅಂತ ಹುಡುಕಿ. ಸಹಿಗೆ ಅಷ್ಟು ಒತ್ತಾಯ ಇದ್ದರೆ ಅಂಥದೊಂದು ಸಾಲು ಇರಬಹುದು.

ಅರ್ಧ ದಿನದ ಕಟ್ ಬಗ್ಗೆ ನನಗೆ ನಿಜಕ್ಕೂ ಸಿಟ್ಟು ಬಂತು. ಬೆಳಿಗ್ಗೆ ಬಂದು ಶಿಫ್ಟ್ ಪೂರ್ತಿ ಮುಗಿಸಿದ ಮನುಷ್ಯನ ಪಗಾರವನ್ನು, ಮುಗಿಸಿದ ಮೇಲೆ ಮನೆಗೆ ಹೋದ ಅಂತ ಕತ್ತರಿಸುವುದು ದುಡಿದ ಹೊತ್ತನ್ನೇ ಕಿತ್ತುಕೊಂಡ ಹಾಗೆ. ಗೈರುಹಾಜರಿಗೆ ಎಷ್ಟು ಹೊತ್ತು ಇರಲಿಲ್ಲವೋ ಅಷ್ಟಕ್ಕೇ ಕಟ್ ಮಾಡಬಹುದು. ನೀವು ಗೈರಾಗಿಯೇ ಇಲ್ಲ. ದಂಡ ಅಂತ ಕರೆದರೂ ಅದಕ್ಕೆ ಬೇರೆ ನಿಯಮ ಇದೆ: ಮೊದಲು ನಿಮ್ಮ ಮಾತು ಕೇಳಬೇಕು, ತಿಂಗಳ ಪಗಾರದ ಶೇ 3ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಮುಕ್ಕಾಲು ಗಂಟೆಯನ್ನು ಸೊನ್ನೆ ಮಾಡುವುದಕ್ಕೂ ಕಾನೂನಿನಲ್ಲಿ ಎಲ್ಲೂ ಅನುಮತಿ ಇಲ್ಲ.

ರೇಟು ದುಪ್ಪಟ್ಟು. ಇದು 1948ರಿಂದಲೂ ಹಾಗೇ ಇದೆ, ಹೊಸ ಸಂಹಿತೆಯಲ್ಲೂ ಹಾಗೇ ಇದೆ. ಮೇಲಿನ ಪಗಾರವನ್ನೇ ಹಿಡಿದರೆ ದಿನಕ್ಕೆ 600, ಗಂಟೆಗೆ 75, ಓಟಿಗೆ ಗಂಟೆಗೆ 150. ವಾರದ ಎಂಟು ಗಂಟೆಗೆ 1,200 ಬರಬೇಕು, ನಿಮಗೆ ಬರುತ್ತಿರುವುದು 600. ಓಟಿಗೆ ಬದಲು ಕಾಂಪ್ ಆಫ್ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಬದಲಿ ರಜೆ ಇರುವುದು ವಾರದ ರಜೆಯ ದಿನ ಕರೆಸಿ ದುಡಿಸಿದರೆ, ಅದನ್ನು ಎರಡು ತಿಂಗಳೊಳಗೆ ಕೊಡಬೇಕು. ಎರಡನ್ನೂ ಕಲಸಿ ಹೇಳುತ್ತಾರೆ, ಕೆಲಸಗಾರರೂ ನಂಬಿಬಿಡುತ್ತಾರೆ.

ಇಷ್ಟೆಲ್ಲ ನಿಮ್ಮ ಪರವಾಗಿದೆ. ಹಾಗಂತ ನಾಳೆ ಬೆಳಿಗ್ಗೆ ಹೋಗಿ ಎಚ್‌ಆರ್ ಟೇಬಲ್ ಮುಂದೆ ಕಾನೂನು ಓದಿ ಹೇಳಬೇಡಿ. ಒಬ್ಬರೇ ಹೋದರೆ ಒಬ್ಬರೇ ಗುರಿಯಾಗುತ್ತೀರಿ. ಮೊದಲು ಒಂದು ನೋಟ್‌ಬುಕ್ ಮಾಡಿ. ತಾರೀಖು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಪಟ್ಟಿ ಬಂದ ಹೊತ್ತು, ಯಾರು ಹೇಳಿದರು. ವಾಟ್ಸಾಪ್ ಪಟ್ಟಿಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಅದನ್ನು ಮನೆಯಲ್ಲಿ ನಂಬಿಕೆಯವರ ಫೋನಿಗೂ ಕಳಿಸಿಡಿ. ಪಂಚಿಂಗ್ ಮಷಿನ್ನಿನ ಲೆಕ್ಕ ಅವರ ಕೈಯಲ್ಲಿದೆ, ನಿಮ್ಮ ಕೈಯಲ್ಲೂ ಒಂದು ಲೆಕ್ಕ ಇರಲಿ. ಪೇ ಸ್ಲಿಪ್ಪು ಒಂದನ್ನೂ ಕಳೆಯಬೇಡಿ. ವೇತನ ಸಂಹಿತೆಯಲ್ಲಿ ಬಾಕಿ ಕೇಳಲು ಮೂರು ವರ್ಷದ ಅವಧಿ ಇದೆ, ಆದ್ದರಿಂದ ಇವತ್ತು ಬರೆದಿಟ್ಟ ಸಾಲು ಆಮೇಲೂ ಕೆಲಸಕ್ಕೆ ಬರುತ್ತದೆ.

ಆಮೇಲೆ ನಿಮ್ಮ ವಿಭಾಗದವರು ಕೂತು ಮಾತಾಡಿ. ಎಲ್ಲರಿಗೂ ಓಟಿ ಬೇಡ ಅಂತೇನೂ ಇರುವುದಿಲ್ಲ. ಸಾಲ ತೀರಿಸುವವರು, ಮನೆ ಕಟ್ಟುತ್ತಿರುವವರು, ಲಗ್ನ ಇಟ್ಟುಕೊಂಡವರು ನಾಲ್ಕು ದಿನ ಅಲ್ಲ, ಐದು ದಿನ ಬೇಕಾದರೂ ನಿಲ್ಲುತ್ತಾರೆ. ದುಪ್ಪಟ್ಟು ರೇಟು ಸಿಗುತ್ತದೆ ಎಂದರೆ ಇನ್ನೂ ನಾಲ್ಕು ಜನ ಕೈ ಎತ್ತುತ್ತಾರೆ. ಅವರ ಕೆಲಸವೂ ಆಗಬೇಕು, ನಿಮ್ಮ ಸಂಜೆಯೂ ಉಳಿಯಬೇಕು. ಹೊಸ ಮ್ಯಾನೇಜ್‌ಮೆಂಟಿಗೆ ಬೇಕಾಗಿರುವುದು ಲಾರಿ ಹೊತ್ತಿಗೆ ಸರಿಯಾಗಿ ಲೋಡ್ ಆಗುವುದು, ಯಾರು ಲೋಡ್ ಮಾಡಿದರು ಅನ್ನುವುದು ಅವರಿಗೆ ಅಷ್ಟು ಮುಖ್ಯವಲ್ಲ. ಹಳೆಯ ಸೂಪರ್‌ವೈಸರ್‌ಗೆ ಇದು ಗೊತ್ತಿತ್ತು, ಹೊರಗಿನಿಂದ ಬಂದವರಿಗೆ ಗೊತ್ತಿಲ್ಲ. ಇಲ್ಲಿಯ ಕೆಲಸಗಾರರಿಗೆ ಗದ್ದೆ ಇದೆ, ನಾಟಿ ಹೊತ್ತಿನಲ್ಲಿ ನೀರು ಬಿಟ್ಟುಕೊಡಲು ಆಗುವುದಿಲ್ಲ, ಗವಿಮಠದ ಜಾತ್ರೆಯ ದಿನ ಓಟಿ ಹಾಕಿದರೆ ಯಾರೂ ಮನಸ್ಸಿಟ್ಟು ದುಡಿಯುವುದಿಲ್ಲ. ಇದನ್ನು ಅವರಿಗೆ ಯಾರಾದರೂ ಕೂತು ಹೇಳಬೇಕಲ್ಲ. ಹೇಳದೆ ನಾವೇ ಒಳಗೊಳಗೆ ಕುದಿಯುತ್ತಿರುತ್ತೇವೆ.

ಹೇಳುವುದನ್ನು ಕಾಗದದಲ್ಲಿ ಹೇಳಿ. ಹೀಗೆ ಬರೆಯಬಹುದು:

‘ಮಾನ್ಯ ವ್ಯವಸ್ಥಾಪಕರೇ, ಪ್ಯಾಕಿಂಗ್ ವಿಭಾಗದ ನಾವು ಕೆಳಗೆ ಸಹಿ ಮಾಡಿದವರು ಕೇಳಿಕೊಳ್ಳುವುದು: ಕೆಲಸ ಜಾಸ್ತಿ ಇದ್ದಾಗ ಸಹಕರಿಸಲು ಸಿದ್ಧರಿದ್ದೇವೆ. ಓಟಿ ಮಾಡಲು ಮುಂದೆ ಬಂದವರ ಪಟ್ಟಿಯನ್ನು ಮೊದಲು ತೆಗೆದುಕೊಂಡು, ಸಾಲದಿದ್ದರೆ ಮಾತ್ರ ಉಳಿದವರನ್ನು ಕೇಳಬೇಕು. ಪಟ್ಟಿ ಹಿಂದಿನ ದಿನವೇ ತಿಳಿಸಬೇಕು. ಬದಲಿ ವ್ಯಕ್ತಿಯನ್ನು ಕೊಟ್ಟರೆ ಒಪ್ಪಬೇಕು. ಮನೆಯಲ್ಲಿ ಕಾಯಿಲೆಯವರು, ಚಿಕ್ಕ ಮಕ್ಕಳು ಇರುವವರಿಗೆ ವಿನಾಯಿತಿ ಕೊಡಬೇಕು. ಶಿಫ್ಟ್ ಮುಗಿದ ಹೊತ್ತಿಗೂ ಒಂದು ಬಸ್ಸು ಬೇಕು. ಓಟಿಗೆ ಕಾನೂನಿನಂತೆ ದುಪ್ಪಟ್ಟು ದರ ಕೊಟ್ಟು ಪೇ ಸ್ಲಿಪ್ಪಿನಲ್ಲಿ ಬೇರೆಯಾಗಿ ತೋರಿಸಬೇಕು. ಈವರೆಗೆ ಕಟ್ ಮಾಡಿದ ಅರ್ಧ ದಿನದ ಪಗಾರ ಮರಳಿಸಬೇಕು.’

ಸಹಿಗಳನ್ನು ವೃತ್ತಾಕಾರದಲ್ಲಿ ಮಾಡಿಸಿ, ಮೊದಲ ಸಹಿ ಯಾರದ್ದು ಅಂತ ಹುಡುಕಲು ಆಗಬಾರದು. ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಇನ್ನೊಂದು ಮಾತು: ಕೆಲಸದ ಹೊತ್ತು ಬದಲಿಸಬೇಕಾದರೆ ಮಾಲೀಕರು 21 ದಿನ ಮೊದಲು ನೋಟಿಸ್ ಕೊಡಬೇಕು. ಹಳೆ ಕಾಯ್ದೆಯಲ್ಲಿ ಅದು 9ಎ ಕಲಮು, ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ 40. ಅಂಥ ನೋಟಿಸ್ ಬಂದಿತ್ತಾ ಅಂತ ಅದೇ ಪತ್ರದಲ್ಲಿ ಕೇಳಿ. ನಾಲ್ಕೂವರೆಯ ವಾಟ್ಸಾಪ್ ಮೆಸೇಜು ನೋಟಿಸ್ ಆಗುವುದಿಲ್ಲ.

ಎಲ್ಲರೂ ಒಂದೇ ದಿನ ರಜೆ ಹಾಕುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಹುಡುಗರ ನೋವು ಅರ್ಥವಾಗುತ್ತದೆ. ಆದರೆ ಹೊಸ ಸಂಹಿತೆಯ ಪ್ರಕಾರ ಅರ್ಧಕ್ಕರ್ಧ ಕೆಲಸಗಾರರು ಒಟ್ಟಾಗಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದು ಮುಷ್ಕರವೇ. ಮುಷ್ಕರಕ್ಕೆ 14 ದಿನದ ನೋಟಿಸ್ ಬೇಕು. ನೋಟಿಸ್ ಇಲ್ಲದೆ ಮಾಡಿದರೆ ಇಲ್ಲಿಯವರೆಗೆ ತಪ್ಪು ಅವರದಾಗಿದ್ದದ್ದು ನಿಮ್ಮದಾಗುತ್ತದೆ.

ಪತ್ರಕ್ಕೆ ಉತ್ತರ ಬರದಿದ್ದರೆ ಅದರ ಪ್ರತಿ ಹಿಡಿದು ಕೊಪ್ಪಳದ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಹೋಗಿ. ಕೆಲಸದ ಹೊತ್ತು, ಓಟಿ ರಿಜಿಸ್ಟರ್ ತಪಾಸಣೆ ಮಾಡುವುದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ, ಅವರಿಗೂ ಒಂದು ಪ್ರತಿ ಕೊಡಿ. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಳ್ಳಬಹುದು. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಉಚಿತ ನೆರವಿಗೆ ಅರ್ಹರ ಪಟ್ಟಿಯಲ್ಲಿ ಕಾರ್ಖಾನೆ ಕಾರ್ಮಿಕರೂ ಇದ್ದಾರೆ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಇರುತ್ತದೆ, 15100ಕ್ಕೆ ಫೋನ್ ಕೂಡ ಮಾಡಬಹುದು.

ಇದೆಲ್ಲ ಮುಗಿಯಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಅವ್ವನ ಇನ್ಸುಲಿನ್ ಕಾಯುವುದಿಲ್ಲ. ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಅವರನ್ನೋ ಕೇಳಿ, ಮನೆಯಲ್ಲಿ ಇನ್ನೊಬ್ಬರಿಗೆ ಕೊಡುವುದನ್ನು ಕಲಿಸಿಕೊಡುತ್ತಾರೆ. ಮಗಳಿಗೆ ಪಿಯುಸಿ ಓದುವಷ್ಟು ವಯಸ್ಸಾಗಿದೆ, ಅವಳೂ ಕಲಿಯಬಲ್ಲಳು. ಅವ್ವನ ಡಾಕ್ಟರ್ ಚೀಟಿಯ ಪ್ರತಿಯನ್ನು ವಿನಾಯಿತಿ ಅರ್ಜಿಗೆ ಲಗತ್ತಿಸಿ. ಮನೆಯವರಿಗೆ ನಡೆಯುತ್ತಿರುವುದನ್ನು ಪೂರ್ತಿ ಹೇಳಿ. ತಡವಾಗಿ ಬಂದು ಮುಖ ಗಂಟಿಕ್ಕಿಕೊಂಡು ಮಲಗಿದರೆ ಅವರು ಬೇರೇನೋ ಅಂದುಕೊಳ್ಳುತ್ತಾರೆ.

ಪ್ರಶ್ನೆ: ಅಣ್ಣಾ, ನಾನು ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಕೆಲಸ ಮಾಡುತ್ತೇನೆ. ಮೂವತ್ತಕ್ಕಿಂತ ಜಾಸ್ತಿ ಜನ ಇದ್ದೇವೆ. ಪೀಸ್ ರೇಟು. ಘಟಕವನ್ನು ಹೊಸಬರು ತೆಗೆದುಕೊಂಡ ಮೇಲೆ ರಾತ್ರಿ ಒಂಬತ್ತರವರೆಗೆ ಕೂರಿಸುತ್ತಾರೆ. ಕೇಳಿದರೆ ‘ಪೀಸ್ ರೇಟಿನವರಿಗೆ ಓಟಿ ಎಲ್ಲಿಂದ ಬಂತು’ ಅನ್ನುತ್ತಾರೆ. ನಿಜವಾ?
(ಓದುಗರು, ಬಳ್ಳಾರಿ)

ಉತ್ತರ: ನಿಜವಲ್ಲ ತಂಗಿ. ಕಾರ್ಖಾನೆ ಕಾಯ್ದೆಯಲ್ಲೇ ಇದಕ್ಕೆ ಲೆಕ್ಕ ಕೊಟ್ಟಿದ್ದರು: ಹಿಂದಿನ ತಿಂಗಳು ಅದೇ ಕೆಲಸದಲ್ಲಿ ನೀವು ದಿನಕ್ಕೆ ಸರಾಸರಿ ಎಷ್ಟು ಗಳಿಸಿದಿರೋ ಅದನ್ನೇ ನಿಮ್ಮ ಕೂಲಿ ಅಂತ ಹಿಡಿದು, ಅದರ ಮೇಲೆ ಓಟಿಗೆ ದುಪ್ಪಟ್ಟು. ಹಾಗಾಗಿ ದಿನಕ್ಕೆ ಎಷ್ಟು ಪೀಸು ಹೊಲಿದಿರಿ, ಎಷ್ಟು ಹೊತ್ತಿಗೆ ಎದ್ದಿರಿ ಎರಡನ್ನೂ ಬರೆದಿಡಿ. ಪೀಸಿನ ಲೆಕ್ಕ ಎಲ್ಲರೂ ಇಡುತ್ತಾರೆ, ಹೊತ್ತಿನ ಲೆಕ್ಕ ಇಡುವುದಿಲ್ಲ. ಇನ್ನೊಂದು, ರಾತ್ರಿ ಏಳರ ನಂತರ ಹೆಣ್ಣುಮಕ್ಕಳನ್ನು ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ವ್ಯವಸ್ಥೆಯೂ ಬೇಕು. ಮನೆಗೆ ಹೋಗುವುದು ಹೇಗೆ ಅಂತ ನೇರವಾಗಿ ಕೇಳಿ. ಆಟೋ ನಿಮ್ಮ ದುಡ್ಡಲ್ಲಿ, ಕತ್ತಲಲ್ಲಿ ನಡಿಗೆ ನಿಮ್ಮ ಧೈರ್ಯದಲ್ಲಿ ಅನ್ನುವುದು ನಡೆಯುವುದಿಲ್ಲ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಮೇಲೆ ಕೊಟ್ಟ ನಂಬರ್ ನಿಮಗೂ ಅನ್ವಯಿಸುತ್ತದೆ. ಒಬ್ಬರೇ ಹೋಗಬೇಡಿ, ಜೊತೆಗೆ ಇಬ್ಬರು ಮೂವರನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ರಾಯಚೂರಿನ ಕಂಪನಿಯೊಂದರಲ್ಲಿ ನಾನು ಮಷಿನ್ ಆಪರೇಟರ್. ಹೊಸ ಮ್ಯಾನೇಜ್‌ಮೆಂಟ್ ಬಂದ ಮೇಲೆ ನನಗೆ ‘ಅಸಿಸ್ಟೆಂಟ್ ಸೂಪರ್‌ವೈಸರ್’ ಅಂತ ಹೆಸರು ಕೊಟ್ಟು, ‘ನೀವೀಗ ಸ್ಟಾಫ್, ಸ್ಟಾಫ್‌ಗೆ ಓಟಿ ಇಲ್ಲ’ ಅಂದರು. ಮಾಡುವ ಕೆಲಸ ಮೊದಲಿನದೇ. ಪಗಾರ ಐನೂರು ರೂಪಾಯಿ ಏರಿದೆ.
(ಓದುಗರು, ರಾಯಚೂರು)

ಉತ್ತರ: ಹೆಸರಿನಿಂದ ಏನೂ ಬದಲಾಗುವುದಿಲ್ಲ, ಮಾಡುವ ಕೆಲಸ ಏನು ಅನ್ನುವುದನ್ನು ಕೋರ್ಟು ನೋಡುತ್ತದೆ. ನೀವು ದಿನವಿಡೀ ಮಷಿನ್ ಮುಂದೆಯೇ ನಿಲ್ಲುತ್ತೀರಾ, ಯಾರಿಗಾದರೂ ರಜೆ ಮಂಜೂರು ಮಾಡುವ ಅಧಿಕಾರ ಇದೆಯಾ, ಯಾರ ಮೇಲಾದರೂ ಕ್ರಮ ತೆಗೆದುಕೊಳ್ಳಬಲ್ಲಿರಾ? ಇಲ್ಲ ಅಂದರೆ ನೀವು ಕೆಲಸಗಾರರೇ. ನಿಜವಾಗಿ ಮೇಲ್ವಿಚಾರಣೆ ಮಾಡುವವರಾಗಿದ್ದರೂ, ಹೊಸ ಸಂಹಿತೆಗಳ ಪ್ರಕಾರ ತಿಂಗಳ ವೇತನ 18,000 ರೂಪಾಯಿ ದಾಟದಿದ್ದರೆ ಅವರೂ ಕೆಲಸಗಾರರ ಲೆಕ್ಕಕ್ಕೇ ಬರುತ್ತಾರೆ. ಹೊಸ ಹುದ್ದೆಯ ಪತ್ರದಲ್ಲಿ ನಿಮ್ಮ ಕೆಲಸದ ವಿವರ ಬರೆದುಕೊಡಿ ಅಂತ ಕೇಳಿ. ಕೊಡದಿದ್ದರೆ ನೀವೇ ಒಂದು ವಾರ ಏನೇನು ಮಾಡಿದಿರಿ ಅಂತ ಬರೆದು, ‘ನನ್ನ ಕೆಲಸ ಇದೇ, ಬದಲಾವಣೆ ಇದ್ದರೆ ತಿಳಿಸಿ’ ಎಂದು ಎಚ್‌ಆರ್‌ಗೆ ಇ-ಮೇಲ್ ಮಾಡಿ. ಇ-ಮೇಲ್‌ನ ಪ್ರತಿಯನ್ನು ನಿಮ್ಮ ಸ್ವಂತ ಐಡಿಗೂ ಹಾಕಿಕೊಳ್ಳಿ, ಕಂಪನಿಯ ಐಡಿ ಯಾವತ್ತು ಬೇಕಾದರೂ ಬಂದ್ ಆಗಬಹುದು.